ಉಪ್ಪು, ಬೆಲ್ಲ, ಅರ್ಧ ಸೇರು ನೀರು

ಭಾದ್ರ ೨೪

ಉಪ್ಪು-ಬೆಲ್ಲದ ಹುಡುಗಿ ಇವತ್ತು ನಮ್ಮ ಅಂಗಳಕ್ಕೂ ಬಂದಳು. ಹೆಸರು ಮನೋವಾರಾ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಛತ್ರಿ, ಮೊಣಕಾಲಿನ ತನಕ ಕೆಸರು. ಇನ್ನೂ ಮದುವೆಯಾಗಿಲ್ಲವಂತೆ. ಹೀಗೆ ಊರೂರು ತಿರುಗುತ್ತಿದ್ದರೆ ಕೆಸರನ್ನೇ ಕಟ್ಟಿಕೊಳ್ಳಬೇಕು ಎಂದೆ. ನಕ್ಕಳು. ಬೈದರೆ ನಗುವವರನ್ನು ಕಂಡರೆ ನನಗಾಗುವುದಿಲ್ಲ. ಬೈದದ್ದು ದಂಡ.

ಕೇರಿಯ ಹತ್ತು ಹೆಂಗಸರನ್ನು ಕೂರಿಸಿಕೊಂಡು ಪಾಠ ಶುರು ಮಾಡಿದಳು. ಅರ್ಧ ಸೇರು ನೀರು, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ. ವಾಂತಿಬೇದಿ ಹತ್ತಿದ ಮಗುವಿಗೆ ಇದನ್ನು ಕುಡಿಸುತ್ತಲೇ ಇರಬೇಕಂತೆ. ನಾನು ಕಂಬಕ್ಕೆ ಒರಗಿ ಎಲೆ ಅಡಿಕೆ ಜಗಿಯುತ್ತಿದ್ದೆ. ಸುಮ್ಮನಿರೋಣ ಎಂದುಕೊಂಡಿದ್ದೆ, ಆಗಲಿಲ್ಲ.

"ನೀರು ಅಂದ್ರೆ ನೀರು. ಅದಕ್ಕೆ ಬೆಲ್ಲ ಯಾಕವ್ವಾ? ಮಗೂಗೇನು ನಿಖಾ ಊಟಾನಾ?"

ನನ್ನನ್ನು ಅವಳು ದಾದಿ, ಅಂದರೆ ಅಜ್ಜಿ, ಎಂದೇ ಕರೆಯುವುದು. "ದಾದಿ, ಕರುಳಿನ ಗೋಡೆ ನಮ್ಮ ಮಣ್ಣಿನ ಗೋಡೆ ಹಂಗಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳು ಸಾಲಾಗಿ ಕೂತಿರ್ತಾವೆ. ಜೀವಕೋಶ ಅಂತಾರೆ. ಒಂದೊಂದಕ್ಕೂ ತೆಳ್ಳನೆ ಪೊರೆ. ಪೊರೇಲಿ ಬಾಗಿಲು, ಬಾಗಿಲಲ್ಲಿ ಕಾವಲುಗಾರ. ಅವನ ಮೈ ಪ್ರೋಟೀನಿಂದ ಆಗಿರೋದು. ಮೀನಲ್ಲಿ ಬೇಳೇಲಿ ಇರುತ್ತಲ್ಲ, ಅದೇ ಸತ್ವ."

"ಮೀನಿನ ಕಾವಲುಗಾರ! ಹಿಲ್ಸಾನೋ ಒಣಮೀನೋ?" ಎಂದೆ. ಅಂಗಳವೆಲ್ಲ ನಕ್ಕಿತು.

ಅವಳೂ ನಕ್ಕು ಮುಂದುವರಿಸಿದಳು. "ಅವನದೊಂದು ಹಟ, ದಾದಿ. ಉಪ್ಪು ಒಂದೇ ಬಂದ್ರೆ ಬಿಡಲ್ಲ. ಸಿಹಿ ಒಂದೇ ಬಂದ್ರೂ ಬಿಡಲ್ಲ. ಇಬ್ಬರೂ ಕೈ ಕೈ ಹಿಡ್ಕೊಂಡು ಬಂದ್ರೆ ಬಾಗಿಲು ತೆಗೀತಾನೆ. ಉಪ್ಪು ಒಳಗೆ ಹೋಯ್ತು ಅಂದ್ರೆ ನೀರು ಅದರ ಬೆನ್ನಿಗೇ ಹೋಗುತ್ತೆ. ಕಾಲರಾ ಬಂದಾಗ ಬೇರೆ ಬಾಗಿಲೆಲ್ಲ ಹಾರುಹೊಡೆದು ಮೈಯ ನೀರು ಹೊರಗೆ ಸುರಿಯುತ್ತೆ. ಆದ್ರೆ ಈ ಒಬ್ಬನ್ನ ಮುಟ್ಟೋಕೆ ಆ ರೋಗಕ್ಕೂ ಆಗಲ್ಲ. ದಾಕ್ತರ್ ಸಾಹೇಬ್ರೇ ಹೇಳಿಕೊಟ್ಟಿದ್ದು."

ಮೂಲೆಯ ಮನೆಯ ರಾಹೇಲಾ ತನ್ನ ಕಿರಿಮಗ ಬಾದಲನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅವಳು ಹುಡುಗಿಯನ್ನು ಕೇಳಲಿಲ್ಲ, ನನ್ನ ಕಡೆ ತಿರುಗಿದಳು. "ಚಾಚಿ, ನೀರು ಕೊಡಬಹುದಾ ಹಂಗಾದ್ರೆ?"

"ತೂತು ಮಡಕೆಗೆ ಮೇಲಿಂದ ಸುರಿದ್ರೆ ತೂತು ಮುಚ್ಚುತ್ತಾ?" ಎಂದೆ. ಪಾಠ ಅಲ್ಲಿಗೆ ಮುಗಿಯಿತು.

ಹೊಟ್ಟೆ ಹರಿದರೆ ಹೊಟ್ಟೆ ಒಣಗಿಸಬೇಕು. ಒಂದು ಹಗಲು ಒಂದು ರಾತ್ರಿ ಹನಿ ನೀರಿಲ್ಲ, ಬೇಕಿದ್ದರೆ ತುಟಿಗೆ ಒದ್ದೆ ಬಟ್ಟೆ. ಮೂರು ಕೇರಿಯವರಿಗೆ ಇದನ್ನು ಕಲಿಸಿದವಳು ನಾನು. ರಾಹೇಲಾಳ ದೊಡ್ಡ ಮಗ ಮೊಮಿನನಿಗೆ ಎರಡು ವರ್ಷದ ಹಿಂದೆ ಹತ್ತಿದಾಗಲೂ ಕೊನೆಯವರೆಗೆ ಪಕ್ಕದಲ್ಲಿ ಕೂತಿದ್ದವಳು ನಾನೇ. ಆಗ ಈ ಛತ್ರಿ ಎಲ್ಲಿತ್ತು?

ಭಾದ್ರ ೨೭

ಸೊಸೆ ಕೋಹಿನೂರ್ ಅಡುಗೆಮನೆಯಲ್ಲಿ ಮೂರು ಬೆರಳು ಜೋಡಿಸಿ ಉಪ್ಪು ಎತ್ತುವುದು, ಸುರಿಯುವುದು, ಮತ್ತೆ ಎತ್ತುವುದು. ಮೀನಿನ ಸಾರಿಗೆ ಉಪ್ಪೇ ಹಾಕಿರಲಿಲ್ಲ. "ನಿನ್ನ ಕಾವಲುಗಾರ ಬಂದು ಹಾಕ್ತಾನೇನೋ" ಎಂದೆ. ತಲೆ ತಗ್ಗಿಸಿ ಹಾಕಿದಳು. ಮಗ ಇದ್ರಿಸ್ ಸೆಣಬಿನ ದೋಣಿಯ ಜತೆ ಹೋಗಿ ಹನ್ನೆರಡು ದಿನ. ಅವನಿದ್ದರೆ ಇವಳ ಬೆರಳು ಇಷ್ಟು ಆಡುತ್ತಿರಲಿಲ್ಲ.

ಆಶ್ವಿನ ೩

ಬಡಗಣ ಕೇರಿಯಲ್ಲಿ ದೊಡ್ಡ ರೋಗ ಇಳಿದಿದೆ. ಕಾಲುವೆ ತುಂಬ ಕೊಳೆಹಾಕಿದ ಸೆಣಬು, ಮೂಗು ಬಿಡುವ ಹಾಗಿಲ್ಲ, ಅದೇ ನೀರಲ್ಲಿ ಪಾತ್ರೆ ತೊಳೆಯುತ್ತಾರೆ. ಬೆಳಿಗ್ಗೆ ಕರೆಯಲು ಬಂದರು, ಹೋದೆ. ಎರಡು ವರ್ಷದ ಕೂಸು. ಕಣ್ಣು ಗುಳಿ ಬಿದ್ದಿತ್ತು. ಒಣಗಿಸಿ ಎಂದೆ, ಒಣಗಿಸಿದರು. ಇಳಿಹೊತ್ತಿನ ಅಸರ್ ಬಾಂಗಿಗೆ ಹೋಯಿತು. ಅಲ್ಲಾ ಕೊಟ್ಟ ಆಯುಸ್ಸು ಅಷ್ಟು.

ಆ ತಾಯಿ ನನ್ನ ಕಾಲು ಮುಟ್ಟಿ ಕಳಿಸಿಕೊಟ್ಟಳು.

ಆಶ್ವಿನ ೬

ಬೆಳಗಾಗುವ ಹೊತ್ತಿಗೆ ಝಿನುಕ್‌ಗೆ ಹತ್ತಿಕೊಂಡಿತು. ನನ್ನ ಮೊಮ್ಮಗಳು, ಮೂರು ತುಂಬಿಲ್ಲ. ಮೊದಲು ಎರಡು ಸಲ ಸಾದಾ, ಆಮೇಲೆ ಅಕ್ಕಚ್ಚು. ಅಕ್ಕಿ ತೊಳೆದ ನೀರೇ, ಅದೇ ಬಣ್ಣ. ಚಾಪೆ ದಾಟಿ ನೆಲದಲ್ಲಿ ಹರಿಯಿತು. ಅದನ್ನು ಕಂಡರೆ ನನಗೆ ಹೇಳಿಕೊಡಬೇಕಾಗಿಲ್ಲ.

ನೀರಿನ ಹೂಜಿ ಎತ್ತಿ ನೆಲುವಿಗೆ ಇಟ್ಟೆ. ಕೋಹಿನೂರ್‌ಗೆ ಹೇಳಿದೆ, "ಇನ್ನು ನಾಳೆ ಬೆಳಗಿನ ತನಕ ಇವಳಿಗೆ ಹನಿ ಕೂಡದು. ಅತ್ತರೆ ಅಳಲಿ."

ಮಗು "ಪಾನಿ" ಎಂದಿತು. ಸೊಸೆ ನನ್ನ ಮುಖ ನೋಡಿದಳು. ನಾನು ಬಾಗಿಲಿಗೆ ಅಡ್ಡ ಕೂತೆ.

ಅವಳು ಹಿತ್ತಲ ಕಡೆಯಿಂದ ಇಳಿದು ಹೋದಳು. ಅಳಲು ಹೋದಳೇನೋ ಎಂದುಕೊಂಡೆ. ಬಂದಾಗ ಕೈಯಲ್ಲಿ ಕೈಪಂಪಿನ ನೀರು, ಸೆರಗಿನ ತುದಿಯಲ್ಲಿ ಬೆಲ್ಲ. ನನ್ನ ಕಣ್ಣೆದುರಿಗೇ ಕೂತು ಬೆರೆಸಿದಳು. ಮೂರು ಬೆರಳು ನಡುಗಲಿಲ್ಲ.

"ಏ ಬೌ! ಏ ಸೊಸೆ! ನನ್ನ ಮಾತು ಕಿವಿಗೆ ಬಿತ್ತೋ ಇಲ್ವೋ?"

"ಬಿತ್ತು ಅಮ್ಮಾ."

"ಮಗೂನ ಕೊಲ್ತೀಯೇನೆ?"

"ಸಾಯಂಕಾಲ ಹೊಡೀರಿ ಅಮ್ಮಾ. ಕಟ್ಟಿಗೆ ತಗೊಂಡೇ ಹೊಡೀರಿ. ಈಗ ದಾರಿ ಬಿಡಿ."

ಏಳು ವರ್ಷದಲ್ಲಿ ಈ ಹೆಣ್ಣು ನನ್ನೆದುರು ಇಷ್ಟು ಉದ್ದ ಮಾತಾಡಿರಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಅವಳ ತಾಯಿಯನ್ನು, ಅವಳ ಊರನ್ನು, ಅವಳು ತಂದ ಕಂಠ ಸೀಳಿದ ಹಿತ್ತಾಳೆ ಚೆಂಬನ್ನು. ಅವಳು ಚಮಚೆ ಚಮಚೆಯಾಗಿ ಕುಡಿಸುತ್ತಾ ಹೋದಳು. ನಾನು ಜಗಲಿಗೆ ಬಂದು ಬೆನ್ನು ಹಾಕಿ ಕೂತೆ. ಈಗ ಅಲ್ಲಿಂದಲೇ ಬರೆಯುತ್ತಿದ್ದೇನೆ. ಸತ್ತರೆ ನನ್ನ ಮೇಲೆ ಹಾಕಬೇಡಿ.

ಅದೇ ದಿನ, ಮಧ್ಯಾಹ್ನ

ವಾಂತಿ ಮಾಡಿಕೊಂಡಿತು. ನೋಡಿದೆಯಾ ಎಂದು ಕೂಗಿದೆ. ಸೊಸೆ ಮಗುವಿನ ಬಾಯಿ ಒರೆಸಿ ಮತ್ತೆ ಚಮಚೆ ಎತ್ತಿದಳು. ಬೇದಿ ನಿಂತಿಲ್ಲ. ಹೋಗುವುದು ಹೋಗುತ್ತಿದೆ, ಇವಳು ಕೊಡುವುದು ಕೊಡುತ್ತಿದ್ದಾಳೆ. ಹುಚ್ಚರ ಮನೆ.

ಅದೇ ದಿನ, ಸಂಜೆ ಬಾಂಗಿಗೆ ಮುಂಚೆ

ಮೂತ್ರ ಮಾಡಿತು. ಆಮೇಲೆ ಮಂಡಕ್ಕಿ ಕೇಳಿತು.

ಇದು ದೊಡ್ಡ ರೋಗ ಇರಲಿಕ್ಕಿಲ್ಲ. ತಾಳೆಹಣ್ಣಿನ ತಿಂಡಿ ಜಾಸ್ತಿ ತಿಂದಿತ್ತು, ಅದರ ಹೊಟ್ಟೆ ಉಬ್ಬರ.

ಆಶ್ವಿನ ೭

ನನಗೇ ಬಾಯಾರಿತ್ತು, ಅದಕ್ಕೆ ಹೂಜಿಯನ್ನು ನೆಲುವಿನಿಂದ ಇಳಿಸಿದೆ. ಝಿನುಕ್ ಗೋಡೆಗೆ ಒರಗಿ ಕೂತಿತ್ತು. ಕೈ ಚಾಚಿತು. ಕೊಟ್ಟೆ.

ಮನೋವಾರಾ ಸುದ್ದಿ ಕೇಳಿ ಓಡಿ ಬಂದಿದ್ದಳು. ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು, ಬೆರಳ ತುದಿ ನೋಡಿದಳು. ಬೆರಳು ಇನ್ನೂ ಅಗಸಗಿತ್ತಿಯ ಬೆರಳಿನ ಹಾಗೆ ಸುಕ್ಕಾಗಿತ್ತು. "ಕಾಲರಾನೇ, ದಾದಿ. ನಿಮ್ಮ ಸೊಸೆ ಉಳಿಸಿಕೊಂಡ್ಲು" ಎಂದಳು. ತಾಳೆಹಣ್ಣಿನ ವಿಷಯ ನಾನು ಎತ್ತಲಿಲ್ಲ.

ಹೊರಟು ನಿಂತಾಗ ಒಂದು ಮಾತು ಕೇಳಿದೆ. "ಆ ನಿನ್ನ ಕಾವಲುಗಾರ, ಬೆಲ್ಲ-ಉಪ್ಪಿನವನು, ಅವನು ಈಗೀಗ ಬಂದೋನಾ? ಇಪ್ಪತ್ತೆಂಟು ವರ್ಷದ ಹಿಂದೆ ಇದ್ನಾ?"

ಅವಳಿಗೆ ನಗು. "ಏನು ದಾದಿ ನೀವು! ಬಾಬಾ ಆದಮ್‌ನ ಹೊಟ್ಟೇಲೂ ಇದ್ದ. ಅವನು ಬಾಗಿಲಲ್ಲಿ ನಿಂತೇ ಇದ್ದ, ನಮಗೆ ಗೊತ್ತಿರಲಿಲ್ಲ ಅಷ್ಟೇ."

ಚಿಕ್ಕ ಹುಡುಗಿ. ತಾನು ಏನು ಹೇಳಿದೆ ಎಂದು ಅವಳಿಗೆ ಗೊತ್ತಿಲ್ಲ. ಛತ್ರಿ ಬಿಚ್ಚಿಕೊಂಡು ಹೋದಳು.

ಅನ್ನ ಬೇಡವೆನಿಸಿತು.

ಆಶ್ವಿನ ೮

ಬಿಸಿಲು. ಸೆಣಬಿನ ಕಡ್ಡಿ ಒಣಗಿಸಿದರು.

ಆಶ್ವಿನ ೧೦

ನೂರಿಗೆ ಆಗ ಆರು ವರ್ಷ. ನನ್ನ ಮೊದಲ ಮಗು, ಇದ್ರಿಸ್‌ಗಿಂತ ದೊಡ್ಡವಳು. ಮಧ್ಯಾಹ್ನದ ಹೊತ್ತಿಗೆ ದನಿ ಹೋಗಿತ್ತು. ಪಾನಿ ಎನ್ನಲೂ ಆಗುತ್ತಿರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ನಾನು ಒಲೆಯ ಹತ್ತಿರ ಹೋಗಿ ಬರುವಷ್ಟರಲ್ಲಿ ತೆವಳಿಕೊಂಡು ಹೋಗಿ ಮಣ್ಣಿನ ಹೂಜಿಯನ್ನು ಅಪ್ಪಿಕೊಂಡಿದ್ದಳು. ಎತ್ತಿ ಕುಡಿಯಲು ಬಲ ಇರಲಿಲ್ಲ. ಹೊಸ ಹೂಜಿ, ಮೈಯೆಲ್ಲ ಬೆವರುತ್ತಿತ್ತು. ಆ ಬೆವರನ್ನು ನೆಕ್ಕುತ್ತಿದ್ದಳು.

ನಾನು ಎಳೆದು ಮಲಗಿಸಿದೆ. ಹೂಜಿಯನ್ನು ನೆಲುವಿಗೆ ಏರಿಸಿದೆ.

ಅತ್ತೆ ಹೇಳಿದ್ದು, ಊರು ಹೇಳಿದ್ದು, ಅವರಿಗೆ ಅವರ ಅತ್ತೆ ಹೇಳಿದ್ದು. ಹೌದು. ಆದರೆ ಏರಿಸಿದ ಕೈ ನನ್ನದು. ಮಣ್ಣು ಮಾಡಿ ಬಂದ ಮೇಲೆ ಕೇರಿಯವರೆಲ್ಲ ನನ್ನನ್ನು ತೋರಿಸಿ, ಗುಲ್‌ನೇಹಾರ್ ಗಟ್ಟಿ ಹೆಂಗಸು, ಮಗು ಅಷ್ಟು ಬೇಡಿದರೂ ಮನಸ್ಸು ಸಡಿಲಿಸಲಿಲ್ಲ, ಎಂದರು. ಆವತ್ತಿನಿಂದ ಯಾರ ಮನೆಯಲ್ಲಿ ರೋಗ ಬಿದ್ದರೂ ನನಗೆ ಕರೆ. ಆ ದೊಡ್ಡಸ್ತಿಕೆಯನ್ನು ಇಪ್ಪತ್ತೆಂಟು ವರ್ಷ ಉಂಡೆ.

ಮೊಮಿನನಿಗೂ ತುಟಿ ಹಾಗೇ ಆಡುತ್ತಿತ್ತು. ಬಡಗಣ ಕೇರಿಯ ಕೂಸಿನದು ನಾನು ನೋಡಲಿಲ್ಲ. ಅಲ್ಲ, ನೋಡಿದೆ.

ಸಾಕು.

ಆಶ್ವಿನ ೧೩

ಇದನ್ನು ಸಾವಧಾನವಾಗಿ ಬರೆಯಬೇಕು.

ರಾಹೇಲಾಳ ಬಾದಲನಿಗೆ ಬೆಳಿಗ್ಗೆಯಿಂದ ಹತ್ತಿದೆ ಎಂದು ಕೋಹಿನೂರ್ ಬಂದು ಹೇಳಿದಳು. ಉಪ್ಪು ಬೆಲ್ಲ ಹಿಡಿದುಕೊಂಡೇ ಹೋಗಿದ್ದಳಂತೆ. ರಾಹೇಲಾ ಒಳಗೆ ಬಿಡಲಿಲ್ಲ. "ನೀನು ನಿನ್ನೆ ಬಂದೋಳು. ಗುಲ್‌ನೇಹಾರ್ ಚಾಚಿ ಹೇಳಿದ್ದು ನನಗೆ ಗೊತ್ತಿದೆ" ಎಂದು ಕಳಿಸಿದಳಂತೆ. ಮನೋವಾರಾಳನ್ನು ಕರೆಸೋಣವೆಂದರೆ ಅವಳು ಹೊಳೆಯಾಚೆ, ಬರುವುದು ನಾಳೆ.

"ನೀವೇ ಹೋಗಬೇಕು ಅಮ್ಮಾ" ಎಂದಳು.

"ನನ್ನ ಮಂಡಿ ನೋಯ್ತಿದೆ."

"ಅಮ್ಮಾ."

"ನೀನೇನೆ ನನಗೆ ಹೇಳೋದು?" ಎಂದೆ. ಎದ್ದೆ.

ರಾಹೇಲಾಳ ಮನೆಯಲ್ಲಿ ಅವಳೊಬ್ಬಳೇ. ಗಂಡ ಸಂತೆಗೆ ಹೋಗಿದ್ದ. ನನ್ನನ್ನು ಕಂಡವಳೇ ಎದ್ದು ಮಣೆ ಹಾಕಿದಳು. "ಬನ್ನಿ ಚಾಚಿ. ನೀವು ಹೇಳ್ದಂಗೇ ಮಾಡಿದೀನಿ. ಬೆಳಗಿನ ಬಾಂಗಿನಿಂದ ಒಂದು ಹನಿ ಕೊಟ್ಟಿಲ್ಲ." ಬಹುಮಾನ ಕೇಳುವ ಮಗುವಿನ ಹಾಗೆ ಹೇಳಿದಳು. ಬಾದಲ್ ಚಾಪೆಯ ಮೇಲೆ ಬಟ್ಟೆ ಬಿದ್ದ ಹಾಗೆ ಬಿದ್ದಿದ್ದ. ಒಂದೂವರೆ ವರ್ಷದ ಮಗುವಿಗೆ ಮುದುಕನ ಮುಖ.

"ನೀರು ತಗೊಂಡು ಬಾ" ಎಂದೆ. "ಅರ್ಧ ಸೇರು."

"ತುಟಿ ಒರೆಸೋಕಾ?"

"ಕುಡಿಸೋಕೆ."

ಅವಳು ಅಲ್ಲಾಡಲಿಲ್ಲ. ನಾನೇ ಹೋಗಿ ಮೊಗೆದು ತಂದೆ. ಉಪ್ಪು ಎತ್ತಲು ಹೋದರೆ ಮೂರು ಬೆರಳಿಗೆ ಎಷ್ಟು ಬರಬೇಕೆಂದು ಮರೆಯಿತು. ಅಷ್ಟು ದಿನ ನಗೆಯಾಡಿದ ಮೇಲೆ ಎಲ್ಲಿ ನೆನಪಿರುತ್ತದೆ. ನಾಲಗೆಗೆ ಮುಟ್ಟಿಸಿ ನೋಡಬೇಕು, ಕಣ್ಣೀರಿಗಿಂತ ಉಪ್ಪಾಗಿರಬಾರದು ಎಂದು ಕೋಹಿನೂರ್ ಪಠಿಸುತ್ತಿದ್ದದ್ದು ಕಿವಿಯಲ್ಲಿತ್ತು. ನೋಡಿದೆ, ಸರಿಯಿತ್ತು. ಬೆಲ್ಲ ಹಾಕಿ ಕಲಕಿದೆ.

ಅಷ್ಟರಲ್ಲಿ ರಾಹೇಲಾ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡು ಗೋಡೆಗೆ ಸರಿದಿದ್ದಳು.

"ಚಾಚಿ, ಮೊಮಿನ್‌ಗೆ ನೀರು ವಿಷ ಅಂದ್ರಿ ನೀವು. ನಾನು ಲೋಟ ಹಿಡಿದಿದ್ದೆ. ನನ್ನ ಕೈಯಿಂದ ಕಿತ್ತು ಚೆಲ್ಲಿದ್ರಿ."

"ಹೌದು."

"ಇವತ್ತು ಔಷಧಿ ಅಂತೀರಿ."

"ಹೌದು ಕಣೆ, ಮೊದ್ಲು ಕುಡಿಸು..."

"ಯಾವತ್ತು ಸುಳ್ಳು ಹೇಳಿದ್ದು? ಆವತ್ತೋ ಇವತ್ತೋ? ಹೇಳಿ. ಹೇಳ್ದೆ ನಾನು ಇವನ ಬಾಯಿಗೆ ಬಿಡಲ್ಲ."

ಮೊಮಿನನಿಗೆ ಬಂದದ್ದು ಬೇರೆ ಜಾತಿಯ ರೋಗ ಎನ್ನಬಹುದಿತ್ತು. ಆ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ನನ್ನ ನಾಲಗೆಗೆ ಮಾತಿನ ಬರ ಯಾವತ್ತೂ ಇರಲಿಲ್ಲ. ಆದರೆ ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ಅರೆಮನಸ್ಸಾದರೆ ನಾಲ್ಕು ಚಮಚೆ ಕುಡಿಸುತ್ತಾಳೆ, ಮಗು ಒಂದು ಸಲ ವಾಂತಿ ಮಾಡಿದರೆ ನಿಲ್ಲಿಸುತ್ತಾಳೆ. ನಿಲ್ಲಿಸಿದರೆ ಮುಗಿಯಿತು. ಅದು ನನಗೆ ಗೊತ್ತು. ಎಷ್ಟು ಮನೆಯಲ್ಲಿ ನಿಲ್ಲಿಸಿದ್ದೇನೆ.

"ಆವತ್ತು ನಾನು ಹೇಳಿದ್ದು ತಪ್ಪು" ಎಂದೆ. "ಸುಳ್ಳಲ್ಲ, ತಪ್ಪು. ನೀರು ಕೊಟ್ಟಿದ್ರೆ ನಿನ್ನ ಮೊಮಿನ್ ಉಳೀತಿದ್ದ. ನೀನು ಕೊಡೋಕೆ ಬಂದಿದ್ದೆ, ನಾನು ಬಿಡಲಿಲ್ಲ. ನನ್ನ ನೂರಿಗೂ ಹಾಗೇ ಮಾಡಿದೆ. ಇವನ್ನಾದ್ರೂ ಕುಡಿಸು ತಾಯಿ. ವಾಂತಿ ಆದ್ರೂ ನಿಲ್ಲಿಸಬೇಡ."

ಅವಳು ಕಿರುಚುತ್ತಾಳೆ ಎಂದುಕೊಂಡಿದ್ದೆ. ಕಿರುಚಲಿಲ್ಲ. ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ಬಹಳ ನಿಧಾನವಾಗಿ, ತುಳುಕದ ಹಾಗೆ. ಆಮೇಲೆ ಹೇಳಿದಳು.

"ಹೊರಗೆ ಹೋಗು."

ನೀವು ಎಂದು ಕರೆಯುತ್ತಿದ್ದ ಬಾಯಿ. ಹೋಗು.

ಹೋದೆ. ಬೇಲಿಯಾಚೆ ಬಾಳೆಯ ಬುಡದಲ್ಲಿ ಕೂತು ಅಲ್ಲಿಂದಲೇ ಕೂಗುತ್ತಿದ್ದೆ. ಚಮಚೆಯಲ್ಲಿ ಕೊಡು, ಗಟಗಟ ಬೇಡ. ವಾಂತಿ ಆಯ್ತಾ, ಸ್ವಲ್ಪ ತಡಿ, ಮತ್ತೆ ಕೊಡು. ಹೊಸದಾಗಿ ಕಲಸು, ಬೆಲ್ಲ ಮರೀಬೇಡ, ಬೆಲ್ಲ ಇಲ್ಲದೆ ಉಪ್ಪು ಬಾಗಿಲು ದಾಟಲ್ಲ. ಒಳಗಿಂದ ಚಮಚೆ ಲೋಟಕ್ಕೆ ತಾಗುವ ಸದ್ದು ಮಾತ್ರ ಬರುತ್ತಿತ್ತು. ಆ ಸದ್ದು ನಿಂತಾಗಲೆಲ್ಲ ನಾನು ಮತ್ತೆ ಕೂಗಿದೆ. ಬಿಸಿಲಿಳಿಯುವಾಗ ಕೋಹಿನೂರ್ ಬಂದು ಕೈ ಹಿಡಿದು ಎಬ್ಬಿಸಿದಳು.

ಆಶ್ವಿನ ೧೪

ಬಾದಲ್ ಕಣ್ಣು ಬಿಟ್ಟಿದ್ದಾನಂತೆ. ಕೋಹಿನೂರ್ ಹೇಳಿದಳು. ಈಗ ಅವಳನ್ನು ಒಳಗೆ ಬಿಡುತ್ತಾರೆ.

ಆಶ್ವಿನ ೧೯

ಮಾತು ಎಲ್ಲ ಕಡೆ ಹರಡಿದೆ. ಹರಡದೆ ಇರುತ್ತದೆಯೇ, ಬಾಳೆಯ ಬುಡದಲ್ಲಿ ಕೂತು ಹರಾಜು ಕೂಗಿದ ಹಾಗೆ ಕೂಗಿದ್ದೇನೆ. ಬಡಗಣ ಕೇರಿಯ ಆ ತಾಯಿ ಬಂದು ಅಂಗಳದ ಅಂಚಿನಲ್ಲಿ ನಿಂತಿದ್ದಳು. ಕಾಲು ಮುಟ್ಟಿದ್ದಳಲ್ಲ, ಅವಳೇ. ಬೈದರೆ ಬೈಯಲಿ ಎಂದು ಕಾದೆ. ನನ್ನನ್ನು ಒಂದಿಷ್ಟು ಹೊತ್ತು ನೋಡಿ, ಹೋದಳು.

ಯಾರಿಗಾದರೂ ಹೊಟ್ಟೆ ಕೆಟ್ಟರೆ ಈಗ "ಬೌ ಇದ್ದಾಳಾ?" ಎಂದು ಕೇಳಿಕೊಂಡು ಬರುತ್ತಾರೆ. ನಾನು ಜಗಲಿಯಲ್ಲೇ ಇರುತ್ತೇನೆ, ಕಂಬದಷ್ಟೂ ಲೆಕ್ಕಕ್ಕಿಲ್ಲ. ಆ ಪೆದ್ದಿ ಹಳೆಯ ಬೆಲ್ಲ ತೆಗೆದಿಟ್ಟಿದ್ದಾಳೆ, ಒಳಗೆಲ್ಲ ಕಲ್ಲು. ಒಂದು ಹಿಡಿ ಅಂದರೆ ಅರ್ಧ ಹಿಡಿಯೂ ಕರಗುವುದಿಲ್ಲ. ಕುಟ್ಟಿ ಪುಡಿ ಮಾಡಿ ಡಬ್ಬಿಗೆ ಹಾಕಿಟ್ಟೆ. ನಾನಿಲ್ಲದಿದ್ದರೆ ಈ ಮನೆ ಹೇಗೆ ನಡೆಯುತ್ತದೋ.

ಕಾರ್ತಿಕ ೩

ಮನೋವಾರಾ ಹೊಳೆಯಾಚೆಯ ಊರಿಗೆ ಹೊರಟಿದ್ದಳು. ಅಲ್ಲಿಯ ಮುದುಕಿಯರು ಅವಳನ್ನು ಅಂಗಳಕ್ಕೇ ಸೇರಿಸುತ್ತಿಲ್ಲವಂತೆ. ಅವಳ ದನಿಯೋ, ಗುಬ್ಬಿ ದನಿ. ಹಾಳಾಗಿ ಹೋಗಲಿ ಎಂದು ನಾನೂ ದೋಣಿ ಹತ್ತಿದೆ. ಅವಳ ಜತೆ ಹೀಗೆ ಹೊರಟದ್ದು ಇದು ನಾಲ್ಕನೇ ಸಲ. ಮಂಡಿ ಸತ್ತುಹೋಗಿದೆ, ದೋಣಿಯವನು ಕುಡುಕ.

ಅಲ್ಲಿ ನನ್ನಷ್ಟೇ ವಯಸ್ಸಿನವಳೊಬ್ಬಳು, ಬೊಚ್ಚು ಬಾಯಿ, ಎಲ್ಲರಿಗಿಂತ ಮುಂದೆ ಕೂತು, "ಹರಿಯೋ ಹೊಟ್ಟೆಗೆ ಮತ್ತೆ ನೀರಾ? ಯಾವ ಶಾಲೇಲಿ ಓದಿದ್ಯಮ್ಮಾ?" ಎಂದು ಹುಡುಗಿಯನ್ನು ಹಂಗಿಸಿದಳು. ಸುತ್ತ ನಗು.

"ಅವಳನ್ನ ಬಿಡು, ಅಕ್ಕಾ. ನನ್ನ ಕೇಳು" ಎಂದೆ. "ನಾನು ಒಣಗಿಸಿದೋಳು. ನನ್ನ ಮಗಳು ನೂರಿ, ಆರು ವರ್ಷ. ರಾಹೇಲಾಳ ಮೊಮಿನ್, ಮೂರು ವರ್ಷ. ಬಡಗಣ ಕೇರಿಯ ಕೂಸು, ಅದರ ಹೆಸರೂ ನಾನು ಕೇಳಿರಲಿಲ್ಲ, ಆಮೇಲೆ ಕೇಳಿ ತಿಳಕೊಂಡೆ, ಜೋಸ್ನಾ ಅಂತ. ಇನ್ನೂ ಇವೆ. ಎಲ್ಲ ಹೇಳ್ಲಾ?"

ಬೊಚ್ಚು ಬಾಯಿಯವಳು ಎಲೆ ಜಗಿಯುವುದನ್ನು ನಿಲ್ಲಿಸಿದಳು. ಅವಳಿಗೂ ಹೇಳಲು ಹೆಸರುಗಳಿದ್ದವೆಂದು ಮುಖದಲ್ಲೇ ಕಂಡಿತು. ಬಾಯಲ್ಲಿದ್ದ ಎಲೆ ಉಗುಳಿ "ಉಪ್ಪು ಎಷ್ಟು ಅಂದ್ಯಮ್ಮಾ?" ಎಂದು ಹುಡುಗಿಯನ್ನು ಕೇಳಿದಳು.

ಬರುವಾಗ ಮನೋವಾರಾ ದೋಣಿಯಲ್ಲಿ ನನ್ನ ಭುಜಕ್ಕೆ ತಲೆ ಇಟ್ಟಳು. ತೆಗಿ, ಎಣ್ಣೆ ಹತ್ತುತ್ತೆ ಎಂದೆ.

ಕಾರ್ತಿಕ ೯

ಬೆಳಿಗ್ಗೆ ಕೈಪಂಪಿಗೆ ಹೋದೆ. ರಾಹೇಲಾ ನೀರು ಹಿಡಿಯುತ್ತಿದ್ದಳು, ಸೊಂಟದ ಮೇಲೆ ಬಾದಲ್. ಆವತ್ತಿನಿಂದ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ಮಗುವಿಗೆ ಮೈ ತುಂಬಿದೆ, ತೊಡೆಯಲ್ಲಿ ಮಡಿಕೆ ಬಿದ್ದಿದೆ. ಅವಳು ನನ್ನ ಹೆಜ್ಜೆ ಕೇಳಿದಳು. ಕೊಡ ಅರ್ಧವೂ ತುಂಬಿರಲಿಲ್ಲ. ಹಾಗೇ ಎತ್ತಿಕೊಂಡು ನಡೆದಳು.

ಮಗು ಅವಳ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಕೈಯಲ್ಲಿ ತಗಡಿನ ಲೋಟ. ಅರ್ಧ ಕುಡಿದು ಅರ್ಧ ಅವಳ ಬೆನ್ನಿಗೆ ಚೆಲ್ಲುತ್ತಿತ್ತು. ಅವಳ ರವಿಕೆ ಒದ್ದೆಯಾಯಿತು. ಅವಳು ಲೋಟ ಕಿತ್ತುಕೊಳ್ಳಲಿಲ್ಲ, ತಿರುಗಿಯೂ ನೋಡಲಿಲ್ಲ. ಅವಳು ನೋಡಲಿ ಎಂದು ನಾನೂ ಕಾಯಲಿಲ್ಲ.

ಪಂಪಿನ ಹಿಡಿ ಇನ್ನೂ ಅಲ್ಲಾಡುತ್ತಿತ್ತು. ನನ್ನ ಕೊಡ ಇಟ್ಟೆ.